ಬಡವರ ಮನೆಯ ದೀಪಕ್ಕೆ ಅಳತೆಗೋಲು ಯಾವುದು?



2024ರ ಮಳೆಗಾಲದ ಒಂದು ಸಂಜೆ. ವಾಳೆಯ ಗುರಿಕಾರರೊಡನೆ ಮನೆಭೇಟಿಗೆ ಹೊರಟಿದ್ದ ನಾವು ಗುಡ್ಡದ ಬದಿಯ ಒಂದು ಪುಟ್ಟ ಹೆಂಚಿನ ಮನೆಯ ಜಗಲಿಯನ್ನೇರಿದೆವು. ಗಂಡನನ್ನು ಕಳೆದುಕೊಂಡು ಹಲವು ವರ್ಷಗಳಾದ ಆ ಮನೆಯ ತಾಯಿ, ಬೀಡಿ ಕಟ್ಟಿಯೇ ಇಬ್ಬರು ಮಕ್ಕಳನ್ನು ಸಾಕಿದವರು. ಪ್ರಾರ್ಥನೆ ಮುಗಿದು, ಕರಿಕಾಫಿ ಕುಡಿದು ಏಳುವ ಹೊತ್ತಿಗೆ ಅವರು ದೇವರ ಪೀಠದ ಅಡಿಯಿಂದ ಮಡಿಚಿಟ್ಟ ಒಂದು ಚೀಟಿಯನ್ನು ತೆಗೆದು ನಮ್ಮ ಕೈಗಿತ್ತರು. ಅದು ಆ ತಿಂಗಳ ಕರೆಂಟ್ ಬಿಲ್ಲು.

"ಫಾದರ್, ನೀವು ಕಲಿತವರು. ಇದನ್ನೊಮ್ಮೆ ನೋಡಿ ಹೇಳಿ. ಎದುರು ಮನೆಯವರು ನೂರ ಎಂಬತ್ತು ಯೂನಿಟ್ ಉರಿಸಿದರೂ ಅವರಿಗೆ ಸೊನ್ನೆ ಬಿಲ್ಲು. ನಾನು ಎಪ್ಪತ್ತು ಉರಿಸಿದ್ದಕ್ಕೆ ಹಣ ಕಟ್ಟಬೇಕಂತೆ. ಮೀಟರು ಕೆಟ್ಟಿದೆಯಾ, ಇಲ್ಲ ನಾನೇ ಏನಾದರೂ ತಪ್ಪು ಮಾಡಿದೆನಾ?"

ಮೀಟರು ಕೆಟ್ಟಿರಲಿಲ್ಲ. ಬಿಲ್ಲು ಬರೆದವರ ಲೆಕ್ಕವೂ ತಪ್ಪಿರಲಿಲ್ಲ. ಆ ತಾಯಿಯಂತೂ ಯಾವ ತಪ್ಪನ್ನೂ ಮಾಡಿರಲಿಲ್ಲ. ಎಲ್ಲವೂ ನಿಯಮದಂತೆಯೇ ಇತ್ತು. ಹಾಗಿದ್ದೂ ಅವರ ಪ್ರಶ್ನೆಗೆ ಅಲ್ಲಿ ನಿಂತಲ್ಲೇ ಉತ್ತರ ಹೇಳುವುದು ನಮಗೆ ಸಾಧ್ಯವಾಗಲಿಲ್ಲ. ಅಂದು ಹೇಳಲಾಗದೆ ಹೋದದ್ದನ್ನು ಈ ವಾರ ವಾಚಕರೊಂದಿಗೆ ಕೂಡಿ ವಿಚಾರ ಮಾಡೋಣವೆಂದು ಈ ಬರಹ.

ಐಷಾರಾಮದಿಂದ ಅಗತ್ಯದೆಡೆಗೆ

ನಮ್ಮ ನಾಡಿನಲ್ಲಿ ವಿದ್ಯುತ್ತಿನ ಚರಿತ್ರೆ ಆರಂಭವಾದದ್ದೇ ಒಂದು ಬಗೆಯ ಅಸಮಾನತೆಯಿಂದ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳು ಅದರ ಬೆಳಕನ್ನು ಕಂಡದ್ದು 1905ರಲ್ಲಿ. ತಂತಿಗಳು ಹಾದುಹೋದ ದಾರಿಯ ಹಳ್ಳಿಗಳ ಗುಡಿಸಲುಗಳಲ್ಲಿ ಮಾತ್ರ ಅನೇಕ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯುತ್ತಿತ್ತು. ಮೊದಲು ಚಿನ್ನ, ಆಮೇಲೆ ನಗರ, ಕಟ್ಟಕಡೆಗೆ ಬಡವ. ಇದು ಆ ಕಾಲದ ಕ್ರಮ.

ನಮ್ಮ ಬಾಲ್ಯದಲ್ಲಿ ವಿದ್ಯುತ್ ದೀಪವಿರುವ ಮನೆಯೆಂದರೆ ಉಳ್ಳವರ ಮನೆ. ಇಂದು ಆ ಮಾತು ಸಲ್ಲದು. ಮಕ್ಕಳ ಓದು, ರೋಗಿಯ ಶುಶ್ರೂಷೆ, ಬಾವಿಯ ನೀರು, ಮೊಬೈಲಿನ ಮೂಲಕ ಬರುವ ಕೆಲಸದ ಕರೆ, ಎಲ್ಲವೂ ಆ ಒಂದು ತಂತಿಯನ್ನೇ ನೆಚ್ಚಿಕೊಂಡಿವೆ. ಬೀಡಿ ಕಟ್ಟುವ ತಾಯಂದಿರ ಸಂಪಾದನೆಯ ಒಂದು ಭಾಗ ಮುಸ್ಸಂಜೆಯ ನಂತರ ಬಲ್ಬಿನ ಕೆಳಗೆ ನಡೆಯುವ ದುಡಿಮೆಯದೇ ಆಗಿರುತ್ತದೆ. ದೀಪ ಆರಿದರೆ ಕೆಲಸವೂ ನಿಂತಂತೆ. ಆದುದರಿಂದ ವಿದ್ಯುತ್ತು ಈಗ ಅಕ್ಕಿ, ನೀರು, ಔಷಧಿಗಳ ಸಾಲಿಗೆ ಸೇರಿದ ವಸ್ತು. ಅದಿಲ್ಲದೆ ಮರ್ಯಾದೆಯ ಬಾಳು ಸಾಧ್ಯವಿಲ್ಲ.

ಇದನ್ನು ಸರಕಾರಗಳೂ ತಡವಾಗಿಯಾದರೂ ಒಪ್ಪಿಕೊಂಡವು. ಬಡವರ ಮನೆಗೆ ಒಂದು ದೀಪವನ್ನು ಕೊಡುವ ಭಾಗ್ಯಜ್ಯೋತಿ ಯೋಜನೆ ನಮ್ಮ ರಾಜ್ಯದಲ್ಲಿ ಬಂದಿತು. 1988-89ರಲ್ಲಿ ಕೇಂದ್ರ ಸರಕಾರದ ಕುಟೀರಜ್ಯೋತಿ ಅದರ ಜೊತೆ ಸೇರಿತು. ಆ ಮನೆಗಳಿಗೆ ಮೊದಲು ತಿಂಗಳಿಗೆ 18 ಯೂನಿಟ್, ಅನಂತರದ ವರ್ಷಗಳಲ್ಲಿ 40 ಯೂನಿಟ್ ಉಚಿತವಾಯಿತು. 2023ರಲ್ಲಿ ಬಂದ ಗೃಹಜ್ಯೋತಿ ಈ ಹಳೆಯ ಹೊಳೆಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಂಡಿತು. ಆ ವರ್ಷದ ಜುಲೈ ತಿಂಗಳ ಬಳಕೆಗೆ ಅನ್ವಯವಾಗುವಂತೆ ಆರಂಭವಾದ ಈ ಯೋಜನೆಗೆ ಆಗಸ್ಟ್ 5ರಂದು ಕಲಬುರಗಿಯಲ್ಲಿ ವಿಧ್ಯುಕ್ತ ಚಾಲನೆ ದೊರೆಯಿತು. "ಇನ್ನೂರು ಯೂನಿಟ್ ಉಚಿತ" ಎಂಬುದು ಜನರ ಬಾಯಲ್ಲಿ ನಿಂತ ಅದರ ಹೆಸರು.

ಭಿಕ್ಷೆಯೋ, ನ್ಯಾಯವೋ?

ಇಂಥ ಯೋಜನೆಗಳ ಮಾತು ಬಂದಾಗಲೆಲ್ಲ ನಮ್ಮ ನಡುವಿನ ಕೆಲವರು ಮೂಗು ಮುರಿಯುವುದುಂಟು. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾವೂ ಕೇಳಿದ್ದೇವೆ: "ಎಲ್ಲವನ್ನೂ ಬಿಟ್ಟಿ ಕೊಟ್ಟರೆ ದುಡಿಯುವವರು ಯಾರು ಫಾದರ್? ನಾವು ಕಟ್ಟುವ ತೆರಿಗೆಯಲ್ಲಿ ಅವರು ದೀಪ ಉರಿಸುವುದೆ?"

ಈ ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ, ವಿಚಾರಿಸಬೇಕು. ಮೊದಲನೆಯದಾಗಿ, ತೆರಿಗೆಯನ್ನು ಕಟ್ಟುವವರು ಉಳ್ಳವರು ಮಾತ್ರವಲ್ಲ. ಸಾಬೂನು, ಚಪ್ಪಲಿ, ಎಣ್ಣೆ, ಮೊಬೈಲಿನ ಕರೆನ್ಸಿ ಇವುಗಳನ್ನು ಕೊಳ್ಳುವಾಗ ಆ ಬೀಡಿ ಕಟ್ಟುವ ತಾಯಿಯೂ ತೆರಿಗೆಯನ್ನು ಕಟ್ಟುತ್ತಾರೆ. ಎರಡನೆಯದಾಗಿ, ವಿದ್ಯುತ್ತಿನಲ್ಲಿ ಸಾರ್ವಜನಿಕ ಹಣದ ನೆರವು ಬಡವರ ಮನೆಗಷ್ಟೇ ಸಿಕ್ಕಿದ್ದಲ್ಲ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ತಿದೆ. ತೋಟವಿರುವ ನಮ್ಮಲ್ಲಿ ಅನೇಕರು ಅದರ ಫಲಾನುಭವಿಗಳು. ಅದನ್ನು ನಾವು ಭಿಕ್ಷೆಯೆಂದು ಕರೆದದ್ದಿಲ್ಲ. ಕರೆಯಬೇಕಾಗಿಯೂ ಇಲ್ಲ.

ಮೂರನೆಯದು ಸ್ವಲ್ಪ ಆಳದ ಮಾತು. ಸಮಾಜದ ಸಂಪತ್ತನ್ನು ಸದಸ್ಯರ ನಡುವೆ ಹಂಚುವಾಗ ಪಾಲಿಸಬೇಕಾದ ನ್ಯಾಯಕ್ಕೆ ತತ್ತ್ವಶಾಸ್ತ್ರದಲ್ಲಿ ಒಂದು ಪ್ರತ್ಯೇಕ ಸ್ಥಾನವಿದೆ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾನೆ. ಸಂತ ತೋಮಸ್ ಅಕ್ವಿನಾಸರು ಅದನ್ನು ಇನ್ನಷ್ಟು ಬೆಳೆಸಿದ್ದಾರೆ. ಅದರ ಹೆಸರು ವಿತರಣಾ ನ್ಯಾಯ. ಕೊಡುವವನ ಔದಾರ್ಯವಾದರೆ ಅದು ದಾನ. ಪಡೆಯುವವನಿಗೆ ಸಲ್ಲಬೇಕಾದದ್ದಾದರೆ ಅದು ನ್ಯಾಯ. ನದಿಯ ನೀರು, ನೆಲದ ಕಲ್ಲಿದ್ದಲು, ಎಲ್ಲರ ತೆರಿಗೆಯಿಂದ ಕಟ್ಟಿದ ಅಣೆಕಟ್ಟು ಇವುಗಳಿಂದ ಹುಟ್ಟಿದ ವಿದ್ಯುತ್ತಿನಲ್ಲಿ ಬಡವನಿಗೂ ಒಂದು ಪಾಲಿದೆ ಎಂದಮೇಲೆ ಅದನ್ನು ಅವನಿಗೆ ತಲುಪಿಸುವುದು ಉಪಕಾರವಲ್ಲ.

ದೇಶದ ಕಾನೂನೂ ಇಲ್ಲಿ ವಿವೇಕದ ಒಂದು ಕಟ್ಟಳೆಯನ್ನು ಮಾಡಿದೆ. ಸರಕಾರವು ಯಾವುದೇ ವರ್ಗದ ಗ್ರಾಹಕರಿಗೆ ದರದಲ್ಲಿ ರಿಯಾಯಿತಿ ಕೊಡಬಯಸಿದರೆ ಅದರಿಂದ ವಿತರಣಾ ಸಂಸ್ಥೆಗೆ ಆಗುವ ಕೊರತೆಯನ್ನು ಮುಂಗಡವಾಗಿ ತುಂಬಿಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಕಲಮು ಹೇಳುತ್ತದೆ. ಉಚಿತವೆಂದರೆ ಯಾರೂ ಹಣ ಕೊಡುವುದಿಲ್ಲವೆಂದು ಅರ್ಥವಲ್ಲ. ಒಬ್ಬರ ಬದಲು ಎಲ್ಲರೂ ಸೇರಿ ಕೊಡುತ್ತಾರೆಂದು ಅರ್ಥ. 2025-26ರ ರಾಜ್ಯ ಮುಂಗಡಪತ್ರದಲ್ಲಿ ಗೃಹಜ್ಯೋತಿಗಾಗಿ 10,100 ಕೋಟಿ ರೂಪಾಯಿಗಳನ್ನು ಇಡಲಾಯಿತು. ಇಷ್ಟು ದೊಡ್ಡ ಮೊತ್ತವನ್ನು ಹಂಚುವಾಗ ಕೊಡಬೇಕೇ ಬೇಡವೇ ಎಂಬ ಜಗಳಕ್ಕಿಂತ ಯಾವ ಅಳತೆಯಿಂದ ಕೊಡಬೇಕೆಂಬ ಪ್ರಶ್ನೆ ಹೆಚ್ಚು ಮುಖ್ಯ. ಗುಡ್ಡದ ಬದಿಯ ಆ ತಾಯಿ ಕೇಳಿದ್ದೂ ಇದನ್ನೇ.

ನಿನ್ನೆಯ ಬಳಕೆ ಇಂದಿನ ಹಕ್ಕಾದಾಗ

ಗೃಹಜ್ಯೋತಿಯ ಲೆಕ್ಕವನ್ನು ಒಮ್ಮೆ ಸಾವಧಾನವಾಗಿ ನೋಡೋಣ. ಪ್ರತಿ ಮನೆಗೂ ಇನ್ನೂರು ಯೂನಿಟ್ ಸಿಗುವುದಿಲ್ಲ. 2022-23ರ ಆರ್ಥಿಕ ವರ್ಷದಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ವಿದ್ಯುತ್ತನ್ನು ಬಳಸಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟನ್ನು ಸೇರಿಸಿದರೆ ಬರುವುದೇ ಆ ಮನೆಯ ಅರ್ಹತೆ. ಅದರೊಳಗೆ ಬಳಸಿದರೆ ಸೊನ್ನೆ ಬಿಲ್ಲು. ಅದನ್ನು ಮೀರಿ, ಇನ್ನೂರರ ಒಳಗಿದ್ದರೆ ಹೆಚ್ಚಾದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಇನ್ನೂರನ್ನು ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಎದುರು ಮನೆಯವರ ಹಿಂದಿನ ಸರಾಸರಿ 170 ಯೂನಿಟ್. ಹತ್ತನೆಯ ಒಂದಂಶ ಸೇರಿ ಅವರ ಅರ್ಹತೆ 187. ಅವರು 180 ಉರಿಸಿದರೂ ಸೊನ್ನೆ. ನಮ್ಮ ಬೀಡಿಯ ತಾಯಿಯ ಹಿಂದಿನ ಸರಾಸರಿ 31. ಅವರ ಅರ್ಹತೆ 34 ಯೂನಿಟ್. ಈ ನಿಯಮದಿಂದ ಕಡಿಮೆ ಬಳಸುವವರಿಗೆ ಅನ್ಯಾಯವಾಗುತ್ತಿದೆಯೆಂಬುದು ಸರಕಾರದ ಗಮನಕ್ಕೂ ಬಂದು, 2024ರ ಜನವರಿಯಲ್ಲಿ ಒಂದು ತಿದ್ದುಪಡಿಯಾಯಿತು: 48 ಯೂನಿಟ್‌ಗಿಂತ ಕಡಿಮೆ ಬಳಸುತ್ತಿದ್ದವರಿಗೆ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಸೇರಿಸಿ ಕೊಡುವುದೆಂದು. ಇದು ಸ್ವಾಗತಾರ್ಹ. ಆ ತಾಯಿಯ ಅರ್ಹತೆ ಹೀಗೆ 41ಕ್ಕೇರಿತು. ಆದರೆ ಅವರ ಈಗಿನ ಬಳಕೆ 70. ಉಳಿದ 29 ಯೂನಿಟ್ಟಿಗೆ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 5 ರೂಪಾಯಿ 90 ಪೈಸೆಯ ದರದಂತೆ, ತೆರಿಗೆಯನ್ನು ಬಿಟ್ಟು, 171 ರೂಪಾಯಿ.

ಅವರು ಎಪ್ಪತ್ತು ಯೂನಿಟ್ಟನ್ನು ದುಂದು ಮಾಡಿದರೆ? ಲೆಕ್ಕ ಹಾಕಿ ನೋಡಿದೆವು. 9 ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು ಐದೂವರೆ ಯೂನಿಟ್. 75 ವ್ಯಾಟಿನ ಎರಡು ಫ್ಯಾನುಗಳು ದಿನಕ್ಕೆ ಎಂಟು ಗಂಟೆ ತಿರುಗಿದರೆ 36 ಯೂನಿಟ್. ಮಗಳ ದುಡಿಮೆಯಿಂದ ಕಂತಿನಲ್ಲಿ ಬಂದ ಒಂದು ಸಣ್ಣ ಫ್ರಿಜ್ಜಿಗೆ ಇಪ್ಪತ್ತೈದರ ಸುಮಾರು. ಮೇಲೆ ಮೊಬೈಲು, ಟಿ.ವಿ. ಅಲ್ಲಿಗೆ ಎಪ್ಪತ್ತಾಯಿತು. ಇದರಲ್ಲಿ ಬಿಡಬಹುದಾದದ್ದು ಯಾವುದೆಂದು ವಾಚಕರೇ ಹೇಳಬೇಕು.

2022-23ರಲ್ಲಿ ಅವರ ಬಳಕೆ 31 ಇದ್ದದ್ದು ಅವರ ಅಗತ್ಯ ಅಷ್ಟೇ ಇದ್ದುದರಿಂದಲ್ಲ. ಬಿಲ್ಲಿನ ಭಯದಿಂದ ಒಂದೇ ಕೋಣೆಯಲ್ಲಿ ದೀಪವಿಟ್ಟು ಮಕ್ಕಳೂ ತಾಯಿಯೂ ಅದರಡಿಯಲ್ಲೇ ಕುಳಿತದ್ದರಿಂದ. ಆ ವರ್ಷದ ಬಡತನವೇ ಮುಂದಿನ ವರ್ಷಗಳ ಅರ್ಹತೆಗೆ ಮಿತಿಯಾಗಿ ನಿಂತಿತು. ಇನ್ನೂ ಸೋಜಿಗದ ಸಂಗತಿಯೆಂದರೆ, ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ಟಿಗೆ ಹತ್ತನೆಯ ಒಂದಂಶವನ್ನು ಸೇರಿಸಿ 58 ಯೂನಿಟ್ ನಿಗದಿಪಡಿಸಲಾಯಿತು. ದಾಖಲೆಯೇ ಇಲ್ಲದವರಿಗೆ 58. ಮಿತವ್ಯಯದ ದಾಖಲೆಯಿರುವವರಿಗೆ 41.

ಅರಿಸ್ಟಾಟಲನು ಹೇಳಿದ ಹಂಚಿಕೆಯ ಸಮಾನತೆಯೆಂದರೆ ಎಲ್ಲರಿಗೂ ಒಂದೇ ಗಾತ್ರದ ತುಂಡಲ್ಲ. ಯೋಗ್ಯವಾದ ಒಂದು ಆಧಾರಕ್ಕೆ ಅನುಗುಣವಾದ ಪಾಲು. ವಾದವಿರುವುದು ಆ ಆಧಾರ ಯಾವುದೆಂಬ ಬಗ್ಗೆ ಮಾತ್ರ. ಅದು ಕುಲವೇ, ಹಣವೇ, ಗುಣವೇ ಎಂದು ಅವನ ಕಾಲದಲ್ಲೂ ಚರ್ಚೆಯಿತ್ತು. ಬಡವರ ಬಿಲ್ಲಿಗೆ ನೆರವಾಗುವ ಯೋಜನೆಯಲ್ಲಿ ಆ ಆಧಾರ ಅಗತ್ಯವಲ್ಲದೆ ಬೇರೊಂದಾಗಲು ಹೇಗೆ ಸಾಧ್ಯ? ಹಿಂದಿನ ಬಳಕೆಯೆಂಬುದು ಅಗತ್ಯದ ಅಳತೆಯಲ್ಲ. ಅದು ಬಹುಮಟ್ಟಿಗೆ ಹಿಂದಿನ ಅನುಕೂಲದ ಅಳತೆ.

ನಿಯಮ ಮಾಡಿದವರಿಗೂ ಅವರದೇ ಆದ ಕಾರಣವಿತ್ತೆಂಬುದನ್ನು ಮರೆಯುವಂತಿಲ್ಲ. ಎಲ್ಲರಿಗೂ ಇನ್ನೂರು ಎಂದು ಬಿಟ್ಟುಕೊಟ್ಟರೆ ನಲವತ್ತು ಉರಿಸುತ್ತಿದ್ದವರೂ ಅನಗತ್ಯವಾಗಿ ಇನ್ನೂರು ಉರಿಸಿಯಾರು, ಬೊಕ್ಕಸ ತಾಳದು ಎಂಬ ಅಂಜಿಕೆ ಅವರದು. ಅಂಜಿಕೆ ನಿರಾಧಾರವಲ್ಲ. ಆದರೆ ದುಂದನ್ನು ತಡೆಯುವ ಬೇಲಿಯನ್ನು ಅತ್ಯಂತ ಮಿತವಾಗಿ ಬದುಕಿದವರ ಅಂಗಳದಲ್ಲೇ ಎಲ್ಲಕ್ಕಿಂತ ಬಿಗಿಯಾಗಿ ಕಟ್ಟುವುದು ಸರಿಯೆ?

ಬೇರೆ ನಾಡುಗಳು ಬೇರೆ ಅಳತೆಗಳನ್ನು ಹಿಡಿದಿವೆ. ದಕ್ಷಿಣ ಆಫ್ರಿಕವು 2003ರಲ್ಲಿ ಬಡ ಕುಟುಂಬಗಳಿಗೆ ತಿಂಗಳಿಗೆ 50 ಯೂನಿಟ್ಟನ್ನು ಉಚಿತವಾಗಿ ಕೊಡುವ ನೀತಿಯನ್ನು ತಂದಿತು. ನಿನ್ನೆ ಎಷ್ಟು ಉರಿಸಿದ್ದಿರಿ ಎಂದು ಅದು ಕೇಳುವುದಿಲ್ಲ. ಅಮೆರಿಕದಲ್ಲಿ 1981ರಿಂದ ನಡೆದುಬಂದ, ಕಡಿಮೆ ಆದಾಯದ ಮನೆಗಳ ಇಂಧನ ನೆರವಿನ ಯೋಜನೆಯು ಆದಾಯ, ಮನೆಯ ಸದಸ್ಯರ ಸಂಖ್ಯೆ ಮತ್ತು ಆದಾಯದಲ್ಲಿ ಎಷ್ಟು ಭಾಗ ಇಂಧನಕ್ಕೆ ಹೋಗುತ್ತದೆಂಬ ಹೊರೆ, ಇವುಗಳನ್ನು ತೂಗಿ ನೋಡಿ, ಹೊರೆ ಹೆಚ್ಚಿರುವವರಿಗೆ ಹೆಚ್ಚು ನೆರವಾಗಬೇಕೆಂದು ವಿಧಿಸುತ್ತದೆ. ನಮ್ಮದೇ ಹಳೆಯ ಭಾಗ್ಯಜ್ಯೋತಿಯೂ ಒಂದು ಸ್ಥಿರವಾದ ಪಾಲನ್ನು ಕೊಡುತ್ತಿತ್ತು. ಪಾಲು ಚಿಕ್ಕದಾಗಿತ್ತು ನಿಜ; ಆದರೆ ಅದರ ಅಳತೆ ಎಲ್ಲ ಬಡವರಿಗೂ ಒಂದೇ ಆಗಿತ್ತು.

ಸೀಸದ ಅಳತೆಪಟ್ಟಿ

ಅಳತೆಯ ತೊಡಕು ಇನ್ನೆರಡು ಕಡೆ ಎದ್ದು ಕಾಣುತ್ತದೆ. ಒಂದು, ಸಾಲುಮನೆಗಳಲ್ಲಿ. ಬಾಡಿಗೆದಾರರಿಗೂ ಗೃಹಜ್ಯೋತಿ ಸಲ್ಲುತ್ತದೆ. ಇದು ಯೋಜನೆಯ ದೊಡ್ಡ ಗುಣ. ಆದರೆ ಲೆಕ್ಕ ನಡೆಯುವುದು ಮೀಟರಿನ ಮೇಲೆ. ನಾಲ್ಕು ಬಡ ಸಂಸಾರಗಳು ಒಂದೇ ಮೀಟರನ್ನು ಹಂಚಿಕೊಂಡಿರುವಲ್ಲಿ ಒಬ್ಬೊಬ್ಬರ ಬಳಕೆ ಅರವತ್ತೇ ಇದ್ದರೂ ಒಟ್ಟು ಇನ್ನೂರು ದಾಟುತ್ತದೆ. ಆಗ ಯಾರಿಗೂ ಏನೂ ದಕ್ಕದು.

ಇನ್ನೊಂದು, ರೋಗಿಗಳಿರುವ ಮನೆಗಳಲ್ಲಿ. ಶ್ವಾಸಕೋಶದ ಕಾಯಿಲೆಯಿಂದ ಬಳಲುವ ಒಬ್ಬ ಹಿರಿಯರು ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ನೆಚ್ಚಿಕೊಂಡಿದ್ದಾರೆಂದು ಭಾವಿಸೋಣ. 350 ವ್ಯಾಟಿನ ಯಂತ್ರವು ದಿನಕ್ಕೆ 16 ಗಂಟೆ ನಡೆದರೆ ತಿಂಗಳಿಗೆ 168 ಯೂನಿಟ್. ಮನೆಯ ಇತರ ಅಗತ್ಯಕ್ಕೆ 60 ಎಂದರೆ ಒಟ್ಟು 228. ಇನ್ನೂರರ ಗೆರೆ ದಾಟಿತು. ಇಡೀ ಬಿಲ್ಲು ಮನೆಯವರ ತಲೆಯ ಮೇಲೆ ಬಿತ್ತು. ಸ್ಥಿರ ಶುಲ್ಕ, ತೆರಿಗೆಗಳು ಸೇರಿದರೆ ಅದು ಒಂದೂವರೆ ಸಾವಿರ ರೂಪಾಯಿಯ ಸುಮಾರಿಗೆ ಬರುತ್ತದೆ. ಆರೋಗ್ಯವಂತರ ಮನೆಯಲ್ಲಿ 190 ಯೂನಿಟ್ ನೆಮ್ಮದಿಗಾಗಿ ಉರಿದರೂ ಸೊನ್ನೆ ಬರಬಹುದು. ಉಸಿರಿಗಾಗಿ ಉರಿದ 228ಕ್ಕೆ ಸಾರ್ವಜನಿಕ ನೆರವಿನ ಒಂದು ಪೈಸೆಯೂ ಇಲ್ಲ. ಇಂಥ ಮನೆಗಳಲ್ಲಿ ಬಿಲ್ಲಿಗೆ ಹೆದರಿ ಯಂತ್ರವನ್ನು ಒಂದೆರಡು ಗಂಟೆ ಆರಿಸಿಡುವ ಯೋಚನೆ ಯಾರ ತಲೆಯಲ್ಲೂ ಬಾರದಿರಲೆಂದೇ ನಮ್ಮ ಪ್ರಾರ್ಥನೆ.

ಅರಿಸ್ಟಾಟಲನ ಅದೇ ಐದನೆಯ ಪುಸ್ತಕದಲ್ಲಿ ಒಂದು ಸುಂದರವಾದ ದೃಷ್ಟಾಂತವಿದೆ. ಲೆಸ್ಬೋಸ್ ದ್ವೀಪದ ಶಿಲ್ಪಿಗಳು ಸೀಸದ ಅಳತೆಪಟ್ಟಿಯನ್ನು ಬಳಸುತ್ತಿದ್ದರಂತೆ. ಸೀಸ ಮೃದುವಾದ ಲೋಹ. ಕಲ್ಲು ಅಂಕುಡೊಂಕಾಗಿದ್ದರೆ ಪಟ್ಟಿ ಅದರ ಆಕಾರಕ್ಕೆ ಬಾಗಿ ಅಳೆಯುತ್ತಿತ್ತು. ಕಾನೂನು ಎಲ್ಲರಿಗೂ ಸಾಮಾನ್ಯವಾಗಿರುತ್ತದೆ. ಬದುಕು ಮಾತ್ರ ಒಂದೊಂದು ಮನೆಯಲ್ಲೂ ಒಂದೊಂದು ರೀತಿ. ಆದುದರಿಂದ ಕಾನೂನಿಗೆ ಸಮಂಜಸತೆಯ ತಿದ್ದುಪಡಿ ಬೇಕಾಗುತ್ತದೆಂದು ಅವನ ಅಭಿಪ್ರಾಯ. ಈ ತಿದ್ದುಪಡಿಯು ನ್ಯಾಯವನ್ನು ಸಡಿಲಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ. 2024ರ ಜನವರಿಯ ಹತ್ತು ಯೂನಿಟ್ಟಿನ ತಿದ್ದುಪಡಿ ಅಂಥ ಒಂದು ಬಾಗುವಿಕೆ. ಒಮ್ಮೆ ಬಾಗಿದ ಪಟ್ಟಿ ಇನ್ನೊಮ್ಮೆ ಬಾಗಲಾರದೆ? ಪ್ರತಿ ಬಡ ಮನೆಗೂ ಕನಿಷ್ಠ ಹೊಸ ಮನೆಗೆ ಸಿಗುವ 58 ಯೂನಿಟ್ಟಾದರೂ ಸಿಗಲಿ. ವೈದ್ಯರ ಪ್ರಮಾಣಪತ್ರವಿರುವಲ್ಲಿ ಜೀವರಕ್ಷಕ ಯಂತ್ರಗಳ ಬಳಕೆಯನ್ನು ಇನ್ನೂರರ ಲೆಕ್ಕದಿಂದ ಹೊರಗಿಡಲಿ. ಇವೆರಡು ಕೋರಿಕೆಗಳನ್ನು ನಾವು ಪಕ್ಷಭೇದವಿಲ್ಲದೆ ನಮ್ಮ ಜನಪ್ರತಿನಿಧಿಗಳ ಮುಂದಿಡಬಹುದು.

ನಮ್ಮ ಪಾಲಿನ ಕೆಲಸ

ಸರಕಾರದ ಕರ್ತವ್ಯವನ್ನು ಹೇಳಿ ನಮ್ಮದನ್ನು ಮರೆತರೆ ಈ ಬರಹ ಅರ್ಧವಾದೀತು.

ಗೃಹಜ್ಯೋತಿ ತಾನಾಗಿ ಬರುವುದಿಲ್ಲ. ಅರ್ಜಿ ಸಲ್ಲಿಸಿದವರಿಗೆ ಬರುತ್ತದೆ. ಅರ್ಜಿಗೆ ಆಧಾರ್ ಬೇಕು, ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಬೇಕು, ಬಾಡಿಗೆದಾರರಾದರೆ ಆ ಮನೆಯಲ್ಲಿ ವಾಸವಿರುವುದಕ್ಕೆ ದಾಖಲೆ ಬೇಕು. ಓದು ಬಾರದ ಹಿರಿಯರು, ಒಂಟಿ ಮಹಿಳೆಯರು, ಊರು ಬಿಟ್ಟು ಬಂದ ಕೂಲಿಯವರು ಎಡವುವುದು ಇಲ್ಲಿಯೇ. ಪ್ರತಿ ವಾಳೆಯಲ್ಲೂ ಕಂಪ್ಯೂಟರ್ ಬಲ್ಲ ಒಬ್ಬ ಯುವಕನೋ ಯುವತಿಯೋ ಒಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ಸಾಕು. ನೆರೆಯ ಮನೆ ಯಾವ ಮತದವರದೆಂದು ಕೇಳಬೇಕಾಗಿಲ್ಲ. ಕರೆಂಟ್ ಬಿಲ್ಲಿನ ಮೇಲೆ ಮತದ ಕಾಲಮಿಲ್ಲ.

ಸಾಲುಮನೆಗಳನ್ನು ಬಾಡಿಗೆಗೆ ಕೊಟ್ಟವರು ನಮ್ಮಲ್ಲೂ ಇದ್ದಾರೆ. ಒಂದೊಂದು ಬಿಡಾರಕ್ಕೂ ಪ್ರತ್ಯೇಕ ಮೀಟರು ಹಾಕಿಸಿಕೊಡುವ ಖರ್ಚು ಒಮ್ಮೆಯದು. ಬಾಡಿಗೆದಾರರಿಗೆ ಅದರ ಲಾಭ ತಿಂಗಳು ತಿಂಗಳಿನದು. ಸಬ್ಸಿಡಿಯಿಂದ ಸೊನ್ನೆ ಬಿಲ್ಲು ಬಂದ ಮೇಲೂ ಬಾಡಿಗೆದಾರರಿಂದ ಕರೆಂಟಿನ ಹಣವನ್ನು ವಸೂಲು ಮಾಡುವ ಮಾಲಿಕರು ಎಲ್ಲಾದರೂ ಇದ್ದರೆ, ಅದನ್ನು ವ್ಯವಹಾರವೆಂದು ಕರೆದುಕೊಳ್ಳದೆ ಅದರ ನಿಜವಾದ ಹೆಸರಿನಿಂದ ಕರೆಯುವ ಧೈರ್ಯ ಅವರಿಗೆ ಬರಲಿ.

ಮೂರನೆಯದು ಉಳ್ಳವರಿಗೆ. ಹೊರದೇಶದಿಂದ ಮಕ್ಕಳು ಹಣ ಕಳುಹಿಸುವ ಮನೆಗಳಿಗೂ ಸೊನ್ನೆ ಬಿಲ್ಲು ಬರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಲ್ಲ. ಆದರೆ ಹಿಂದೆ ನಾವು ತಿಂಗಳಿಗೆ ಕಟ್ಟುತ್ತಿದ್ದ ಏಳೆಂಟು ನೂರು ರೂಪಾಯಿ ಈಗ ಎಲ್ಲಿ ಹೋಗುತ್ತಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬಹುದು. ಅದರಲ್ಲಿ ಒಂದು ಭಾಗವನ್ನು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಪೆಟ್ಟಿಗೆಗೆ ಹಾಕಿದರೆ, ನಿಯಮ ಬಾಗುವವರೆಗೆ, ಆಮ್ಲಜನಕದ ಯಂತ್ರವಿರುವ ಒಂದು ಮನೆಯ ಬಿಲ್ಲನ್ನು ನಾಲ್ಕೈದು ಮನೆಗಳು ಸೇರಿ ಹೊರಬಹುದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮರು ಸ್ನೇಹಿತರೊಡನೆ ಆ ಸಭೆಯನ್ನು ಕಟ್ಟಿದ್ದು ಬಡವರ ಮನೆಗೆ ತಾವೇ ನಡೆದುಹೋಗಿ ಅಗತ್ಯವನ್ನು ಕಣ್ಣಾರೆ ಕಾಣುವುದಕ್ಕಾಗಿ. ಮೀಟರಿಗೆ ಕಾಣದ್ದು ನೆರೆಯವರ ಕಣ್ಣಿಗೆ ಕಾಣುತ್ತದೆ.

ಆ ತಾಯಿಯ ಮನೆಗೆ ನಾವು ಮತ್ತೊಮ್ಮೆ ಹೋದೆವು. ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆವು. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಹಾಗಾದರೆ ಆ ವರ್ಷ ನಾವು ಸ್ವಲ್ಪ ಹೆಚ್ಚು ಉರಿಸಬೇಕಿತ್ತು, ಅಲ್ಲವಾ ಫಾದರ್?" ಎಂದು ನಕ್ಕರು. ತಪ್ಪು ನಿಮ್ಮದಲ್ಲ ಬಾಯಿ ಎಂದೆವು. ಅವರು ಬಿಲ್ಲನ್ನು ಮಡಿಚಿ ಮತ್ತೆ ಅದೇ ಜಾಗದಲ್ಲಿಟ್ಟು, ಬೀಡಿಯ ಸೂಪನ್ನು ಮಡಿಲಿಗೆಳೆದುಕೊಂಡರು. ಒಳಗಿನ ಕೋಣೆಯಲ್ಲಿ ಮಗನು ಓದುತ್ತಿದ್ದ. ಆ ಕೋಣೆಯಲ್ಲೂ ಈಗ ದೀಪವಿತ್ತು. ಅದು ಉರಿಯುತ್ತಲೇ ಇರುವಂತೆ ನೋಡಿಕೊಳ್ಳುವ ಹೊಣೆ ಅವರೊಬ್ಬರದೇ ಆಗದಿರಲಿ ಎಂಬುದು ನಮ್ಮ ಆಶಯ.